ಚಾಳೀಸು ಬಂದ ಕಣ್ಣಿಗೆ ಪಿಸ್ತೂಲಿನ ಗುರಿ: ಫ್ರಂಟ್ ಸೈಟ್ ಮತ್ತೆ ಸ್ಪಷ್ಟವಾಗಿ ಕಾಣಲು ಏನು ಮಾಡಬೇಕು

ಮೂವತ್ತೈದರಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಕಾಣುತ್ತಿದ್ದ ಫ್ರಂಟ್ ಸೈಟು (ಗುರಿ ಇಡಲು ನಳಿಗೆಯ ತುದಿಯಲ್ಲಿರುವ ಸಣ್ಣ ಕಪ್ಪು ಪಟ್ಟಿ) ನಲವತ್ತೈದು ದಾಟಿದ ಮೇಲೆ ನಿಧಾನಕ್ಕೆ ಮಸುಕಾಗುತ್ತದೆ. ಅಂಚಿನ ಸುತ್ತ ಬೂದು ಬಣ್ಣದ ಪೊರೆ ಕಟ್ಟಿದ ಹಾಗಿರುತ್ತದೆ. ಮೊದಲು ರೇಂಜಿನ ಲೈಟು ಸರಿ ಇಲ್ಲ ಅನ್ನಿಸುತ್ತದೆ. ಆಮೇಲೆ ನಿದ್ದೆ ಕಮ್ಮಿ ಆಯಿತೇನೋ ಅನ್ನಿಸುತ್ತದೆ. ನನಗೆ ವಿಷಯ ಅರ್ಥ ಆಗಲು ಒಂದು ವರ್ಷ ಹಿಡಿಯಿತು. ಆ ವರ್ಷ ಗ್ರಿಪ್ಪು ಬದಲಾಯಿಸಿದೆ, ಟ್ರಿಗರ್ ಬದಲಾಯಿಸಿದೆ, ನಿಲ್ಲುವ ರೀತಿ ಬದಲಾಯಿಸಿದೆ. ಕಣ್ಣು ತೋರಿಸಲು ಮಾತ್ರ ಹೋಗಲಿಲ್ಲ.

ವಯಸ್ಸಾಯಿತು ಅಂತ ಪಿಸ್ತೂಲು ಕೆಳಗಿಡಬೇಕಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಒಂದು ಕೈ ಜೇಬಿನಲ್ಲಿಟ್ಟು, ಎರಡೂ ಕಣ್ಣು ತೆರೆದು ಹೊಡೆದ ಫೋಟೋ ನೀವೂ ನೋಡಿರುತ್ತೀರಿ. ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದಾಗ ಅವರಿಗೆ 51. ಅದೇ ಪ್ಯಾರಿಸ್‌ನಲ್ಲಿ ಜಾರ್ಜಿಯಾದ ನಿನೊ ಸಲುಕ್ವಾಡ್ಜೆ ತಮ್ಮ ಹತ್ತನೇ ಒಲಿಂಪಿಕ್ಸ್ ಆಡಿದರು, ವಯಸ್ಸು 55. ಲಾಟ್ವಿಯಾದ ಅಫನಾಸಿಯ್ಸ್ ಕುಜ್ಮಿನ್ಸ್ 2012ರ ಲಂಡನ್ನಿಗೆ ಬಂದಾಗ 65. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದು, 40ನೇ ವಯಸ್ಸಿನಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದರು. ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅವರಂತೂ ಮೊಮ್ಮಗಳ ಜೊತೆ ರೇಂಜಿಗೆ ಹೋಗಿ ಪಿಸ್ತೂಲು ಹಿಡಿದದ್ದೇ ಅರವತ್ತು ದಾಟಿದ ಮೇಲೆ. ಇವರನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಇಲ್ಲಿ ಬರೆಯುತ್ತಿರುವುದು 10 ಮೀಟರ್ ಏರ್ ಪಿಸ್ತೂಲಿನ ಬಗ್ಗೆ. ನಮ್ಮಲ್ಲಿ ಹೆಚ್ಚು ಜನ ಹೊಡೆಯುವುದು ಅದನ್ನೇ. 25 ಮೀಟರ್ ಹೊಡೆಯುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಎಲ್ಲಕ್ಕೂ ಮೊದಲು ಕಣ್ಣಿನ ಡಾಕ್ಟರ್

ಕನ್ನಡಕದ ಅಂಗಡಿಗೆ ಹೋಗುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಪೂರ್ತಿ ತಪಾಸಣೆ ಮಾಡಿಸಿ. ಮಸುಕು ಅಂದರೆಲ್ಲ ಚಾಳೀಸೇ ಆಗಿರಬೇಕಿಲ್ಲ. ಪೊರೆ ಬಂದಿರಬಹುದು, ಗ್ಲಾಕೋಮಾ ಇರಬಹುದು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ಏಟು ಬಿದ್ದಿರಬಹುದು.

ಶೂಟರ್‌ಗಳಿಗೆ ಒಂದು ಅನುಕೂಲ ಇದೆ. ಫ್ರಂಟ್ ಸೈಟಿನ ನೇರ ಅಂಚನ್ನು ದಿನಾ ಒಂದೇ ಕಣ್ಣಿನಿಂದ ನೋಡುತ್ತೇವೆ. ಆ ನೇರ ಗೆರೆ ಅಲೆ ಅಲೆಯಾಗಿ ಕಂಡರೆ, ನಡುವೆ ಎಲ್ಲೋ ಮುರಿದ ಹಾಗೆ ಕಂಡರೆ, ಅದು ಲೆನ್ಸಿನಿಂದ ಸರಿಹೋಗುವ ವಿಷಯ ಅಲ್ಲ. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕಣ್ಣೊಳಗೆ ಮಿಂಚು ಹೊಡೆದ ಹಾಗಾದರೆ, ಪಕ್ಕದಿಂದ ಪರದೆ ಇಳಿದ ಹಾಗೆ ಕಂಡರೆ ಒಂದು ಗಂಟೆಯನ್ನೂ ಕಳೆಯಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ರಕ್ತದ ಸಕ್ಕರೆ ಏರಿಳಿಯುತ್ತಿದ್ದರೆ ಕಣ್ಣಿನ ನಂಬರೂ ಅದರ ಜೊತೆ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ನಿಂತ ಮೇಲೆ ನಂಬರ್ ತೆಗೆಸಿ. ಇಲ್ಲವಾದರೆ ದುಡ್ಡು ಕೊಟ್ಟು ಮಾಡಿಸಿದ ಲೆನ್ಸು ತಿಂಗಳಲ್ಲಿ ಹೊಂದದೆ ಹೋಗುತ್ತದೆ.

ಕಣ್ಣಿಗೆ ಆಗಿದ್ದಾದರೂ ಏನು

ಕಣ್ಣೊಳಗಿನ ಮಸೂರ ಚಿಕ್ಕವರಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದು ನೋಡುವಾಗ ಅದು ಉಬ್ಬುತ್ತದೆ. ವಯಸ್ಸಾದಂತೆ ಗಟ್ಟಿಯಾಗಿ, ಉಬ್ಬುವ ಶಕ್ತಿ ಕಮ್ಮಿ ಆಗುತ್ತದೆ. ಈ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಹತ್ತು ವರ್ಷದ ಮಗುವಿಗೆ 10ಕ್ಕಿಂತ ಜಾಸ್ತಿ ಇರುತ್ತದೆ. 45ರ ಹೊತ್ತಿಗೆ ಅದು 4ರ ಆಸುಪಾಸಿಗೆ ಇಳಿದಿರುತ್ತದೆ. 60ಕ್ಕೆ 1 ಉಳಿದರೆ ಹೆಚ್ಚು.

ಪಿಸ್ತೂಲು ಹಿಡಿದು ಕೈ ಚಾಚಿದಾಗ ಫ್ರಂಟ್ ಸೈಟು ಕಣ್ಣಿನಿಂದ ಸುಮಾರು 1 ಮೀಟರ್ ದೂರ ಇರುತ್ತದೆ. 1 ಮೀಟರ್ ದೂರದ್ದನ್ನು ಸ್ಪಷ್ಟವಾಗಿ ನೋಡಲು ಬೇಕಾದದ್ದು 1 ಡಯಾಪ್ಟರ್. "50ರಲ್ಲೂ ಅಷ್ಟು ಶಕ್ತಿ ಇರುತ್ತಲ್ಲ, ಮತ್ತೆ ಏನು ತೊಂದರೆ?" ಅಂತ ಕೇಳಬಹುದು. ಇರುತ್ತದೆ ನಿಜ. ಆದರೆ ಕಣ್ಣು ತನ್ನ ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ಆಯಾಸ ಇಲ್ಲದೆ ತುಂಬಾ ಹೊತ್ತು ಬಳಸಬಲ್ಲದು. ಪಂದ್ಯ ಅಂದರೆ 60 ಗುಂಡು, 75 ನಿಮಿಷ. ಮೊದಲ ಇಪ್ಪತ್ತು ಚೆನ್ನಾಗಿ ಹೋಗಿ, ನಲವತ್ತರ ಹೊತ್ತಿಗೆ ಸೈಟು ಮಸುಕಾಗುವುದು ಇದೇ ಕಾರಣಕ್ಕೆ. ಅದನ್ನು ಏಕಾಗ್ರತೆ ತಪ್ಪಿತು ಅಂತ ತಿಳಿದು ಎಷ್ಟೋ ಜನ ಕೊರಗುತ್ತಾರೆ.

ಕಣ್ಣಿಗೆ ವ್ಯಾಯಾಮ ಮಾಡಿಸಿ ಚಾಳೀಸು ಹೋಗಿಸಬಹುದು ಅನ್ನುವವರ ಮಾತು ನಂಬಬೇಡಿ. ಗಟ್ಟಿಯಾದ ಮಸೂರ ಮತ್ತೆ ಮೆತ್ತಗಾಗುವುದಿಲ್ಲ. ಲೆನ್ಸು ಇಟ್ಟು ಆ ಕೆಲಸ ಹಗುರ ಮಾಡಬಹುದು, ಅಷ್ಟೇ. ಅಷ್ಟಾದರೆ ಸಾಕು ಕೂಡ.

ಹೆಜ್ಜೆ 1: ಯಾವುದು ಸ್ಪಷ್ಟ ಇರಬೇಕು ಅಂತ ತೀರ್ಮಾನಿಸಿ

ಪಿಸ್ತೂಲಿನ ಹಿಂತುದಿಯಲ್ಲಿ ರಿಯರ್ ಸೈಟಿನ ಕಚ್ಚು, ಅದರ ನಡುವೆ ಕೂತ ಹಾಗೆ ಕಾಣಬೇಕಾದ ಮುಂದಿನ ಫ್ರಂಟ್ ಸೈಟು, ದೂರದಲ್ಲಿ ಟಾರ್ಗೆಟ್ಟಿನ ಕಪ್ಪು ವೃತ್ತ. ಈ ಮೂರೂ ಒಟ್ಟಿಗೆ ಸ್ಪಷ್ಟ ಕಾಣುವುದು ಇಪ್ಪತ್ತರ ಹುಡುಗರಿಗೂ ಸಾಧ್ಯವಿಲ್ಲ. ಅವರ ಕಣ್ಣು ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಹೋಗಿ ಬರುತ್ತದೆ, ಹಾಗಾಗಿ ಮೂರೂ ಕಂಡ ಭ್ರಮೆ ಹುಟ್ಟುತ್ತದೆ. ನಮ್ಮ ಕಣ್ಣು ಹಾಗೆ ಓಡಾಡುವುದಿಲ್ಲ. ನಾವು ಒಂದನ್ನು ಆರಿಸಿಕೊಳ್ಳಬೇಕು. ಅದು ಫ್ರಂಟ್ ಸೈಟೇ ಆಗಬೇಕು.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಎರಡು ಸೈಟುಗಳ ನಡುವಿನ ದೂರ ಸುಮಾರು 330 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಫ್ರಂಟ್ ಸೈಟು ಕಚ್ಚಿನ ನಡುವಿನಿಂದ ಬರೀ 1 ಮಿಮೀ ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ಟು (ಏರ್ ಪಿಸ್ತೂಲಿನ ಸಣ್ಣ ಗುಂಡು) 30 ಮಿಮೀ ಸರಿದು ಬೀಳುತ್ತದೆ. ಹತ್ತರ ವೃತ್ತದ ಅಗಲ 11.5 ಮಿಮೀ. 30 ಮಿಮೀ ಸರಿಯಿತು ಅಂದರೆ ಹತ್ತು ಬರಬೇಕಾದಲ್ಲಿ ಏಳು. ಅದೇ ಎರಡೂ ಸೈಟು ಸರಿಯಾಗಿ ಕೂಡಿದ್ದು, ಕೈ ಮಾತ್ರ ನಡುಗಿ ಇಡೀ ಪಿಸ್ತೂಲು ನೆಟ್ಟಗೆ 1 ಮಿಮೀ ಪಕ್ಕಕ್ಕೆ ಹೋದರೆ, ಪೆಲೆಟ್ಟೂ 1 ಮಿಮೀ ಸರಿಯುತ್ತದೆ, ಅಷ್ಟೇ. ಸೈಟು ಕೂಡಿಸುವಲ್ಲಿ ಆದ ತಪ್ಪು ಮೂವತ್ತು ಪಟ್ಟು ದೊಡ್ಡದಾಗುತ್ತದೆ.

ಅಂದರೆ ಟಾರ್ಗೆಟ್ಟು ಮಸುಕಾಗಿರುವುದು ಕಾಯಿಲೆ ಅಲ್ಲ. ಅದು ಹಾಗೇ ಇರಬೇಕು. ಮಸುಕಾದ ಬೂದು ಉಂಡೆಯ ನಡುವನ್ನು ಕಣ್ಣು ತಾನೇ ಹುಡುಕಿಕೊಳ್ಳುತ್ತದೆ. ಮಸುಕಾದ ಫ್ರಂಟ್ ಸೈಟಿನ ತಲೆ ಎಲ್ಲಿ ಮುಗಿಯಿತು ಅಂತ ಹುಡುಕಿಕೊಳ್ಳುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ತುಂಬಾ ಕಷ್ಟ ಆಯಿತು, ಯಾಕೆಂದರೆ ಗುರಿ ಇಡುವುದು ಅಂದರೆ ಗುರಿಯನ್ನು ನೋಡುವುದು ಅಂತಲೇ ನಮ್ಮ ಮನಸ್ಸಿನಲ್ಲಿ ಕೂತಿದೆ.

ಹೆಜ್ಜೆ 2: ದಾರ ಹಿಡಿದು ಅಳೆಯಿರಿ

ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿ. ನಳಿಗೆಯಲ್ಲಿ ಸೇಫ್ಟಿ ಫ್ಲಾಗ್ (ಗುಂಡಿಲ್ಲ ಅಂತ ತೋರಿಸುವ ಬಣ್ಣದ ದಾರ) ಹಾಕಿ. ರೇಂಜಿನಲ್ಲಿ, ಟಾರ್ಗೆಟ್ಟಿನ ಕಡೆಗೇ ಮುಖ ಮಾಡಿ, ದಿನಾ ನಿಲ್ಲುವ ಹಾಗೆ ನಿಲ್ಲಿ. ಕೈ ಪೂರ್ತಿ ಚಾಚಿ. ಜೊತೆಗಾರರೊಬ್ಬರು ಪಕ್ಕದಲ್ಲೇ ನಿಂತು, ನಿಮ್ಮ ಕಣ್ಣಿನ ಹೊರ ಮೂಲೆಯಿಂದ ಫ್ರಂಟ್ ಸೈಟಿನವರೆಗೆ ಒಂದು ದಾರ ಹಿಡಿಯಲಿ. ಅವರು ನಳಿಗೆಯ ಮುಂದೆ ಬರಬಾರದು. ಆ ದಾರಕ್ಕೆ ಗಂಟು ಹಾಕಿಟ್ಟುಕೊಳ್ಳಿ.

ನನ್ನದು 98 ಸೆಂಟಿಮೀಟರ್ ಬಂತು. ಗಿಡ್ಡಗಿರುವವರಿಗೆ 85-90 ಬರಬಹುದು. ಕೈ ಉದ್ದ ಇರುವವರಿಗೆ 105 ದಾಟಬಹುದು. ರಿಯರ್ ಸೈಟಿನ ದೂರವನ್ನೂ ಬರೆದುಕೊಳ್ಳಿ, ಸುಮಾರು 60-65 ಇರುತ್ತದೆ. ಈ ಎರಡು ಸಂಖ್ಯೆ ನಿಮ್ಮ ಕೈಯಲ್ಲಿದ್ದರೆ ಕನ್ನಡಕದ ಅಂಗಡಿಯಲ್ಲಿ ಮಾತು ಸುಲಭ ಆಗುತ್ತದೆ.

ಹೆಜ್ಜೆ 3: ಸರಿಯಾದ ನಂಬರ್ ಹುಡುಕುವುದು

ಇಲ್ಲಿ ಆತುರ ಬೇಡ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಯಾವ ಕನ್ನಡಕ ಹೊಂದುವುದಿಲ್ಲ ಅಂತ ಹೇಳಿಬಿಡುತ್ತೇನೆ. ಓದುವ ಕನ್ನಡಕ ಸುಮಾರು 40 ಸೆಂಮೀ ದೂರಕ್ಕೆ ಮಾಡಿದ್ದು. ಅದನ್ನು ಹಾಕಿದರೆ ರಿಯರ್ ಸೈಟೂ ಮಸುಕು, ಫ್ರಂಟ್ ಸೈಟು ಇನ್ನೂ ಮಸುಕು, ಕಪ್ಪು ವೃತ್ತ ಕಾಣುವುದೇ ಇಲ್ಲ. ದೂರದ ಕನ್ನಡಕದಲ್ಲಿ ಟಾರ್ಗೆಟ್ಟು ಮಾತ್ರ ಸ್ಪಷ್ಟ. ಬೈಫೋಕಲ್ ಮತ್ತು ಪ್ರೋಗ್ರೆಸಿವ್ ಹಾಕಿದರೆ ಸರಿಯಾದ ಜಾಗ ಹುಡುಕಲು ಗದ್ದ ಎತ್ತಬೇಕಾಗುತ್ತದೆ. ಗದ್ದ ಎತ್ತಿದರೆ ಕತ್ತು ಬಿಗಿಯುತ್ತದೆ, ಪ್ರತಿ ಸಲವೂ ತಲೆ ಬೇರೆ ಬೇರೆ ಕೋನದಲ್ಲಿ ನಿಲ್ಲುತ್ತದೆ. ಶೂಟಿಂಗಿಗೆ ಬೇಕಾದದ್ದು ಒಂದೇ ನಂಬರಿನ ಲೆನ್ಸು.

ನಾನು ಮೊದಲ ಸಲ ಹೋದಾಗ "ಶೂಟಿಂಗಿಗೆ ಕನ್ನಡಕ ಬೇಕು" ಅಂತ ಮಾತ್ರ ಹೇಳಿದೆ. ಅವರು ಟಾರ್ಗೆಟ್ಟು ದೂರ ಇದೆ ಅಂತ ಪೂರ್ತಿ ದೂರದ ನಂಬರ್ ಹಾಕಿಕೊಟ್ಟರು. ಟಾರ್ಗೆಟ್ಟಿನ ಗೆರೆ ಗೆರೆಯೂ ಕಾಣುತ್ತಿತ್ತು. ಅಂಕ ಮಾತ್ರ ಮೂರು ತಿಂಗಳು ಇಳಿಯುತ್ತಲೇ ಹೋಯಿತು. ಕೊನೆಗೆ ಕೋಚ್ ಕೇಳಿದರು, "ಸರ್, ಪೆಲೆಟ್ ಹೋಗುವ ಕ್ಷಣದಲ್ಲಿ ಏನು ಕಾಣ್ತಿದೆ ನಿಮಗೆ?" "ಬುಲ್ ಚೆನ್ನಾಗಿ ಕಾಣ್ತಿದೆ" ಅಂದೆ. ಬುಲ್ ಅಂದರೆ ಟಾರ್ಗೆಟ್ಟಿನ ಕಪ್ಪು ವೃತ್ತ. "ಅದೇ ತೊಂದರೆ ಸರ್" ಅಂದರು. ಆದ್ದರಿಂದ ಅಂಗಡಿಯಲ್ಲಿ ಶೂಟಿಂಗ್ ಅನ್ನುವ ಮಾತಿಗಿಂತ ದೂರ ಹೇಳುವುದು ಮುಖ್ಯ. "98 ಸೆಂಟಿಮೀಟರ್ ದೂರದ ವಸ್ತು ಸ್ಪಷ್ಟ ಕಾಣಬೇಕು, 10 ಮೀಟರ್ ದೂರದ್ದು ಗುರುತು ಸಿಗುವಷ್ಟು ಕಂಡರೆ ಸಾಕು" ಅನ್ನಿ.

ಲೆಕ್ಕ ಹೀಗಿದೆ. ನಿಮ್ಮ ದೂರದ ನಂಬರಿಗೆ +0.50 ಅಥವಾ +0.75 ಕೂಡಿಸಬೇಕು. ದೂರದ ನಂಬರ್ ಸೊನ್ನೆ ಇದ್ದರೆ ಲೆನ್ಸು +0.50 ಅಥವಾ +0.75. ದೂರದ ನಂಬರ್ +1.00 ಇದ್ದರೆ +1.50 ಅಥವಾ +1.75. ಮೈನಸ್ ಇರುವವರು ಇಲ್ಲಿ ಎಡವುತ್ತಾರೆ: -2.00 ಇದ್ದರೆ ಆಗುವುದು -1.50 ಅಥವಾ -1.25. ನಂಬರ್ ಕಮ್ಮಿ ಆಗುತ್ತದೆ, ಜಾಸ್ತಿ ಆಗುವುದಿಲ್ಲ. ಸಿಲಿಂಡರ್ ನಂಬರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವ ನಂಬರ್) ಮತ್ತು ಅದರ ಕೋನ ಇದ್ದ ಹಾಗೇ ಇರಬೇಕು.

ಅಲ್ಲ, ಫ್ರಂಟ್ ಸೈಟಿಗೆ 1 ಡಯಾಪ್ಟರ್ ಬೇಕು ಅಂದಮೇಲೆ +1.00 ಯಾಕಲ್ಲ? +0.50 ಹಾಕಿದಾಗ ಕಣ್ಣು ಏನೂ ಶ್ರಮ ಇಲ್ಲದೆ 2 ಮೀಟರ್ ದೂರಕ್ಕೆ ಹೊಂದಿಕೊಂಡಿರುತ್ತದೆ. ಅಲ್ಲಿಂದ ಫ್ರಂಟ್ ಸೈಟು ಅರ್ಧ ಡಯಾಪ್ಟರ್ ಈಚೆಗೆ, ಟಾರ್ಗೆಟ್ಟು 0.4 ಡಯಾಪ್ಟರ್ ಆಚೆಗೆ. ಎರಡಕ್ಕೂ ಸ್ವಲ್ಪ ಸ್ವಲ್ಪ ಮಸುಕು ಹಂಚಿಹೋಗುತ್ತದೆ. ನಲವತ್ತರ ಕೊನೆಯಲ್ಲಿರುವವರ ಕಣ್ಣು ಆ ಅರ್ಧ ಡಯಾಪ್ಟರನ್ನು ತಾನೇ ತುಂಬಿಕೊಳ್ಳುತ್ತದೆ. ಅರವತ್ತರ ಹತ್ತಿರ ಬಂದವರಿಗೆ ಅದೂ ಕಷ್ಟ, ಅವರಿಗೆ +0.75 ಹೊಂದುತ್ತದೆ. ಆಗ ಕಣ್ಣು ಸುಮಾರು 1.33 ಮೀಟರಿಗೆ ನಿಂತಿರುತ್ತದೆ, ಫ್ರಂಟ್ ಸೈಟಿಗೆ ಕಾಲು ಡಯಾಪ್ಟರ್ ಮಾತ್ರ ಕೊರತೆ. +1.00ಕ್ಕೆ ಹೋದರೆ ಫ್ರಂಟ್ ಸೈಟು ಅದ್ಭುತವಾಗಿ ಕಾಣುತ್ತದೆ, ಆದರೆ ಬುಲ್ ಕರಗಿ ಅದರ ಕೆಳಗಿನ ಬಿಳಿ ಎಲ್ಲಿ ಶುರು ಆಗುತ್ತದೆ ಅಂತ ಗೊತ್ತಾಗುವುದಿಲ್ಲ. ಕೈ ಗಿಡ್ಡ ಇದ್ದು, ಸೈಟು 85-90 ಸೆಂಮೀ ದೂರದಲ್ಲಿರುವ ಹಿರಿಯರಿಗೆ ಮಾತ್ರ ಕೆಲವು ಸಲ ಅದು ಸರಿಹೋಗುತ್ತದೆ.

ಅಂಗಡಿಗೆ ಪಿಸ್ತೂಲು ತೆಗೆದುಕೊಂಡು ಹೋಗಬೇಡಿ. ಕಂಡವರು ಹೆದರುತ್ತಾರೆ, ಅದರ ಅಗತ್ಯವೂ ಇಲ್ಲ. ಬದಲಿಗೆ ಒಂದು ಕೋಲಿನ ತುದಿಗೆ 4.5 ಮಿಮೀ ಅಗಲದ ಕಪ್ಪು ರಟ್ಟಿನ ಪಟ್ಟಿ ಅಂಟಿಸಿಕೊಳ್ಳಿ. ದಾರದ ಗಂಟಿನಷ್ಟು ದೂರಕ್ಕೆ ಅದನ್ನು ಹಿಡಿಯಿರಿ. ಬಿಳಿ ಹಾಳೆಯಲ್ಲಿ 3 ಸೆಂಮೀ ಅಗಲದ ಕಪ್ಪು ವೃತ್ತ ಬರೆದು 5 ಮೀಟರ್ ದೂರದ ಗೋಡೆಗೆ ಅಂಟಿಸಿ. ನಿಜವಾದ ಬುಲ್ 59.5 ಮಿಮೀ ಅಗಲ, 10 ಮೀಟರ್ ದೂರ. ಅರ್ಧ ದೂರದಲ್ಲಿ ಅರ್ಧ ಅಗಲ ಇಟ್ಟರೆ ಕಣ್ಣಿಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಈಗ ಟ್ರಯಲ್ ಫ್ರೇಮಿನಲ್ಲಿ ದೂರದ ನಂಬರ್ ಹಾಕಿಸಿಕೊಂಡು, ಅದರ ಮೇಲೆ +0.25, +0.50, +0.75, +1.00 ಒಂದೊಂದಾಗಿ ಇಡಿಸಿ. ಪ್ರತಿಯೊಂದರಲ್ಲೂ ಪಟ್ಟಿಯ ತಲೆಯನ್ನು ಎಂಟು ಸೆಕೆಂಡು ನೋಡಿ. ಒಂದು ಕ್ಷಣ ಸ್ಪಷ್ಟ ಕಂಡು ಆಮೇಲೆ ಮಸುಕಾದರೆ ಆ ನಂಬರ್ ಸಾಲದು. ಎಂಟು ಸೆಕೆಂಡೂ ಅಂಚು ನಿಂತಿರಬೇಕು. ಹಾಗೆ ನಿಲ್ಲುವ ನಂಬರ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ. ಬೆಳಿಗ್ಗೆ ಕಣ್ಣು ತಾಜಾ ಇರುವಾಗ ಹೋಗುವುದಕ್ಕಿಂತ ಸಂಜೆ ಸ್ವಲ್ಪ ದಣಿದಿರುವಾಗ ಹೋಗಿ. ಪಂದ್ಯದ ಕೊನೆಯ ಹೊತ್ತಿಗೆ ಕಣ್ಣು ಹಾಗೇ ಇರುತ್ತದೆ ಅಲ್ವಾ.

ಹೆಜ್ಜೆ 4: ಫ್ರೇಮು

ಪಿಸ್ತೂಲು ಹಿಡಿದಾಗ ನಾವು ಮೈಯನ್ನು ಪಕ್ಕಕ್ಕೆ ಮಾಡಿ, ತಲೆ ಮಾತ್ರ ತಿರುಗಿಸಿ ನೋಡುತ್ತೇವೆ. ಮಾಮೂಲಿ ಕನ್ನಡಕದಲ್ಲಿ ಆಗ ದೃಷ್ಟಿ ಲೆನ್ಸಿನ ನಡುವೆ ಹಾಯದೆ ಅಂಚಿನ ಕಡೆಯಿಂದ ಹಾದುಹೋಗುತ್ತದೆ. ಅಲ್ಲಿ ಗೆರೆ ಬಾಗುತ್ತದೆ, ನಂಬರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಶೂಟಿಂಗ್ ಫ್ರೇಮಿನ ಅನುಕೂಲ ಇರುವುದು ಇಲ್ಲೇ. ನೋಬ್ಲಾಕ್, ಚಾಂಪಿಯನ್, ವರ್ಗಾ ಇಂಥ ಕಂಪನಿಗಳ ಫ್ರೇಮಿನಲ್ಲಿ ದುಂಡು ಲೆನ್ಸನ್ನು ಬೇಕಾದ ಕಡೆ ತಿರುಗಿಸಿ, ಕಣ್ಣಿಗೆ ನೇರ ಎದುರಿಗೆ ನಿಲ್ಲಿಸಬಹುದು.

ಹೊಂದಿಸುವಾಗ ಮೊದಲು ಪಿಸ್ತೂಲು ಎತ್ತಿ, ತಲೆ ತನಗೆ ಹಿತವಾದ ಜಾಗದಲ್ಲಿ ನಿಲ್ಲಲಿ. ಆಮೇಲೆ ಲೆನ್ಸು ತಲೆಯ ಹತ್ತಿರ ಬರಲಿ. ತಲೆಯನ್ನು ಲೆನ್ಸಿನ ಹತ್ತಿರ ಒಯ್ಯಬೇಡಿ. ಜೊತೆಗಾರರೊಬ್ಬರು ನಿಮ್ಮ ಕಣ್ಣಪಾಪೆ ಲೆನ್ಸಿನ ನಡುವೆ ಇದೆಯಾ ಅಂತ ಪಕ್ಕದಿಂದ, ಮೇಲಿನಿಂದ ನೋಡಲಿ. ಸಿಲಿಂಡರ್ ನಂಬರ್ ಇರುವವರು ಇನ್ನೊಂದು ಎಚ್ಚರ ವಹಿಸಬೇಕು. ದುಂಡು ಲೆನ್ಸು ಫ್ರೇಮಿನಲ್ಲಿ ಗಿರಕಿ ಹೊಡೆದರೆ ಕೋನ ತಪ್ಪುತ್ತದೆ. ಅಂಗಡಿಯವರಿಂದಲೇ ಲೆನ್ಸಿನ ಅಂಚಿಗೆ ಒಂದು ಸಣ್ಣ ಗುರುತು ಹಾಕಿಸಿ, ಫ್ರೇಮಿನಲ್ಲೂ ಅದಕ್ಕೆ ಎದುರಾಗಿ ಒಂದು ಗುರುತು ಮಾಡಿ.

ಈ ಫ್ರೇಮುಗಳು ದುಬಾರಿ. ತಕ್ಷಣ ಕೊಳ್ಳಲೇಬೇಕಿಲ್ಲ. ಮೊದಲ ಆರು ತಿಂಗಳು ಅಗಲ ಗಾಜಿನ ಮಾಮೂಲಿ ಫ್ರೇಮಿಗೆ ಇದೇ ನಂಬರ್ ಹಾಕಿಸಿ ನೋಡಿ. ಮೈಯನ್ನು ಸ್ವಲ್ಪ ಟಾರ್ಗೆಟ್ಟಿನ ಕಡೆ ತಿರುಗಿಸಿ ನಿಂತರೆ ದೃಷ್ಟಿ ಲೆನ್ಸಿನ ನಡುವಿಗೆ ಹತ್ತಿರ ಬರುತ್ತದೆ. ಇನ್ನೊಂದು ವಿಷಯ: ಲೆನ್ಸು, ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಸಣ್ಣ ತೂತಿನ ಬಿಲ್ಲೆ) ಏನಿದ್ದರೂ ನಿಮ್ಮ ಮುಖದ ಮೇಲಿರಬೇಕು. ಪಿಸ್ತೂಲಿನ ಮೇಲೆ ಲೆನ್ಸು ಕೂರಿಸಲು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮ ಒಪ್ಪುವುದಿಲ್ಲ. ಗುರಿಯ ಮೇಲೆ ಕೆಂಪು ಚುಕ್ಕಿ ಕಾಣಿಸುವ ರೆಡ್ ಡಾಟ್ ಸೈಟೂ ಈ ಪಂದ್ಯಗಳಲ್ಲಿ ನಡೆಯುವುದಿಲ್ಲ.

ಹೆಜ್ಜೆ 5: ಇನ್ನೊಂದು ಕಣ್ಣನ್ನು ಏನು ಮಾಡುವುದು

ಮುಚ್ಚಿ ಹಿಂಡಬೇಡಿ. ಒಂದು ಕಣ್ಣು ಹಿಂಡಿದರೆ ಗುರಿಯ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ. ಮೇಲಾಗಿ ಮುಚ್ಚಿದ ಕಣ್ಣಿಗೆ ಕತ್ತಲಾದಾಗ ತೆರೆದ ಕಣ್ಣಿನ ಪಾಪೆಯೂ ಅದರ ಜೊತೆ ಹಿಗ್ಗುತ್ತದೆ. ಪಾಪೆ ಹಿಗ್ಗಿದರೆ ಮಸುಕು ಜಾಸ್ತಿ. ಬಿಳಿಯ, ಬೆಳಕು ಹಾಯುವ ಪ್ಲಾಸ್ಟಿಕ್ ಅಥವಾ ಮಾಮೂಲಿ ಮಂಕು ಟೇಪನ್ನು ಆ ಕಡೆಯ ಗಾಜಿಗೆ ಅಂಟಿಸಿ. ಪಂದ್ಯದಲ್ಲಿ ಇದು 30 ಮಿಮೀಗಿಂತ ಅಗಲ ಇರಬಾರದು. ಕಪ್ಪು ಪಟ್ಟಿ ಬೇಡ.

ವಯಸ್ಸಾದ ಮೇಲೆ ಬಲವಾದ ಕಣ್ಣು ಬದಲಾಗುವುದೂ ಉಂಟು. ಗುರಿಯ ಕಣ್ಣಿಗೆ ಪೊರೆ ಶುರುವಾದರೆ ಮಿದುಳು ಇನ್ನೊಂದರ ಮಾತು ಕೇಳಲು ಶುರು ಮಾಡುತ್ತದೆ. ಎರಡೂ ಅಂಗೈ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗೆ ಗೋಡೆಯ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಉಳಿಯುತ್ತದೋ ಅದು ಬಲವಾದ ಕಣ್ಣು. ವರ್ಷಕ್ಕೊಮ್ಮೆ ಇದನ್ನು ಮಾಡಿ.

ಹೆಜ್ಜೆ 6: ಸಣ್ಣ ತೂತಿನ ಸಹಾಯ

ಕನ್ನಡಕ ಸಿಗದೇ ಇದ್ದಾಗ ಅಜ್ಜಂದಿರು ಮುಷ್ಟಿ ಸುತ್ತಿ, ಅದರ ಸಂದಿನಲ್ಲಿ ಅಕ್ಷರ ನೋಡುವುದನ್ನು ಕಂಡಿರಬಹುದು. ಸಣ್ಣ ತೂತಿನಿಂದ ನೋಡಿದಾಗ ಹತ್ತಿರದ್ದೂ ದೂರದ್ದೂ ಎರಡೂ ಸ್ವಲ್ಪ ತಿಳಿಯಾಗುತ್ತವೆ. ಶೂಟಿಂಗ್ ಫ್ರೇಮಿನ ಐರಿಸ್ ಮಾಡುವುದು ಇದನ್ನೇ. ತೂತನ್ನು ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಬಹುದು.

ಐರಿಸ್ ಪೂರ್ತಿ ತೆರೆದು ಶುರು ಮಾಡಿ. ಪಿಸ್ತೂಲು ಎತ್ತಿ, ನಿಧಾನಕ್ಕೆ ಕುಗ್ಗಿಸುತ್ತಾ ಬನ್ನಿ. ಬುಲ್ಲಿನ ಅಂಚು ತಿಳಿಯಾಗುವ ಒಂದು ಹಂತ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಒಂದಿಷ್ಟು ಹಿಂದಕ್ಕೆ ತೆರೆಯಿರಿ. ಇನ್ನೂ ಕುಗ್ಗಿಸುವ ಆಸೆ ಆಗುತ್ತದೆ, ಬೇಡ. ಬೆಳಕು ಕಮ್ಮಿ ಆಗಿ ಎಲ್ಲ ಕಂದುತ್ತದೆ. ಕಣ್ಣಿನ ಪಾಪೆಯೇ ವಯಸ್ಸಿನ ಜೊತೆ ಚಿಕ್ಕದಾಗುತ್ತದೆ, ಮಸೂರ ಹಳದಿಯಾಗುತ್ತದೆ. 60ರ ಕಣ್ಣಿನ ಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಇಷ್ಟು ಬಡವಾದ ಬೆಳಕಿನಲ್ಲಿ ಮತ್ತೆ ಕಡಿತ ಮಾಡುವಾಗ ಲೆಕ್ಕ ಇರಬೇಕು. ಐರಿಸ್ ಲೆನ್ಸಿಗೆ ಬದಲಿ ಅಲ್ಲ. ಮೊದಲು ನಂಬರ್ ಸರಿಯಾಗಲಿ.

ಕೊಳ್ಳುವ ಮುಂಚೆ ಪರೀಕ್ಷೆ ಮಾಡಬೇಕಾ? ಕಪ್ಪು ಇನ್ಸುಲೇಷನ್ ಟೇಪಿನ ತುಂಡಿಗೆ ಒಂದೂವರೆ ಮಿಮೀ ತೂತು ಮಾಡಿ, ಗಾಜಿನ ಮೇಲೆ ದೃಷ್ಟಿ ಹಾಯುವ ಜಾಗದಲ್ಲಿ ಅಂಟಿಸಿ ನೋಡಿ.

ಬೆಳಕು ಮತ್ತು ಸೈಟು

ಪಂದ್ಯದ 10 ಮೀಟರ್ ರೇಂಜಿನಲ್ಲಿ ಟಾರ್ಗೆಟ್ಟಿನ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಇರಬೇಕು. ಎಷ್ಟೋ ಸಣ್ಣ ರೇಂಜುಗಳಲ್ಲಿ ಅಷ್ಟಿರುವುದಿಲ್ಲ. ಹುಡುಗರಿಗೆ ಅದು ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ. ಸಂಕೋಚ ಇಲ್ಲದೆ ಕೇಳಿ, ಇನ್ನೊಂದು ಎಲ್‌ಇಡಿ ಹಾಕಿಸಿ. ಹಳದಿ ಫಿಲ್ಟರ್ ಕೆಲವರಿಗೆ ಕಪ್ಪು-ಬಿಳುಪನ್ನು ಎದ್ದು ತೋರಿಸುತ್ತದೆ, ಎರವಲು ಪಡೆದು ನೋಡಿಯೇ ಕೊಳ್ಳಿ. ಒಳಾಂಗಣದಲ್ಲಿ ಗಾಢ ಬಣ್ಣದ ಗಾಜು ಬೇಡವೇ ಬೇಡ.

ಸೈಟಿನಲ್ಲಿ ಒಂದು ಬದಲಾವಣೆ ನನಗೆ ತುಂಬಾ ಸಹಾಯ ಮಾಡಿತು: ಫ್ರಂಟ್ ಸೈಟಿನ ಎರಡು ಪಕ್ಕದಲ್ಲಿ ಕಾಣುವ ಬಿಳಿ ಸಂದನ್ನು ಅಗಲ ಮಾಡಿದ್ದು. ಸಣ್ಣ ಸಂದು ಇದ್ದರೆ ನಿಖರ ಅನ್ನಿಸುತ್ತದೆ, ಆದರೆ ಮಸುಕು ಎರಡು ಕಡೆಯಿಂದ ಬಂದು ಆ ಸಂದನ್ನೇ ನುಂಗುತ್ತದೆ. ಈಗಿನ ಪಂದ್ಯದ ಪಿಸ್ತೂಲುಗಳಲ್ಲಿ ರಿಯರ್ ಸೈಟಿನ ಕಚ್ಚನ್ನು ಸ್ಕ್ರೂ ತಿರುಗಿಸಿ ಅಗಲ ಮಾಡಬಹುದು. ಒಂದೊಂದು ಪಕ್ಕದ ಬಿಳಿ, ಫ್ರಂಟ್ ಸೈಟಿನ ಅಗಲದ ಅರ್ಧದಷ್ಟು ಕಾಣುವ ತನಕ ತೆರೆಯಿರಿ. ಎರಡು ಅಗಲ ಸಂದು ಸಮ ಇದೆಯಾ ಅಂತ ಕಣ್ಣು ಸುಲಭವಾಗಿ ಹೇಳುತ್ತದೆ.

ಫ್ರಂಟ್ ಸೈಟಿನ ತಲೆ ಲೈಟಿಗೆ ಹೊಳೆಯುತ್ತಿದ್ದರೆ ಅದರ ಎತ್ತರ ಕಣ್ಣಿಗೆ ಸುಳ್ಳು ಹೇಳುತ್ತದೆ. ಹಳೆಯ ಶೂಟರ್‌ಗಳು ಕರ್ಪೂರದ ಮಸಿ ಹಿಡಿಸುತ್ತಿದ್ದರು. ಅದರಷ್ಟು ಒಳ್ಳೆಯ ಮಂಕು ಕಪ್ಪು ಬೇರೆ ಇಲ್ಲ. ಮಾಡುವುದಾದರೆ ಸೈಟನ್ನು ಪಿಸ್ತೂಲಿನಿಂದ ಬಿಚ್ಚಿ, ಇಕ್ಕಳದಲ್ಲಿ ಹಿಡಿದು ಬೇರೆ ಕೋಣೆಯಲ್ಲಿ ಮಾಡಿ. ಗಾಳಿ ತುಂಬಿದ ಸಿಲಿಂಡರ್ ಹತ್ತಿರ ಬೆಂಕಿ ಎಂದಿಗೂ ಬೇಡ.

ಹೆಜ್ಜೆ 7: ಗುರಿ ಇಡುವ ಜಾಗ ಕೆಳಗೆ ತನ್ನಿ

ಫ್ರಂಟ್ ಸೈಟಿನ ತಲೆಯನ್ನು ಬುಲ್ಲಿನ ತಳಕ್ಕೆ ಸರಿಯಾಗಿ ತಾಗಿಸಿ ಗುರಿ ಇಡುವವರಿಗೆ ವಯಸ್ಸಾದಂತೆ ಕಷ್ಟ ಜಾಸ್ತಿ. ಕಪ್ಪಿಗೆ ಕಪ್ಪು ಅಂಟಿಕೊಂಡು, ಸೈಟಿನ ತಲೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಬುಲ್ಲಿನ ಕೆಳಗಿನ ಬಿಳಿಯಲ್ಲಿ ಗುರಿ ಇಡಿ. ಟಾರ್ಗೆಟ್ ಹಾಳೆ 170 ಮಿಮೀ ಚೌಕ. ಬುಲ್ಲಿನ ತಳದಿಂದ ಹಾಳೆಯ ಅಂಚಿಗೆ ಸುಮಾರು 55 ಮಿಮೀ ಬಿಳಿ ಇದೆ. ಆ ಬಿಳಿಯ ನಡುವಿನಲ್ಲಿ ಸೈಟಿನ ತಲೆ ತೇಲುತ್ತಿರಲಿ. ಸುತ್ತ ಬಿಳಿ ಇದ್ದಾಗ ಸೈಟಿನ ಅಂಚು ಕತ್ತರಿಸಿದ ಹಾಗೆ ಎದ್ದು ಕಾಣುತ್ತದೆ. ಗುರಿ ಕೆಳಗೆ ಬಂದದ್ದರಿಂದ ಪೆಲೆಟ್ಟೂ ಕೆಳಗೆ ಬೀಳುತ್ತದೆ. ರಿಯರ್ ಸೈಟನ್ನು ಕ್ಲಿಕ್ ಕ್ಲಿಕ್ ಮೇಲೆತ್ತಿ ಸರಿಮಾಡಿಕೊಳ್ಳಿ. ಲೆನ್ಸು ಬದಲಾದಾಗಲೂ ಹೀಗೆ ಮತ್ತೆ ಹೊಂದಿಸಬೇಕಾಗುತ್ತದೆ.

ಹೆಜ್ಜೆ 8: ಸ್ಪಷ್ಟವಾಗಲಿ ಅಂತ ಕಾಯಬೇಡಿ

ಮಸುಕಿಗಿಂತ ಜಾಸ್ತಿ ಅಂಕ ಹಾಳು ಮಾಡುವುದು ಕಾಯುವುದು. ಸೈಟು ಇನ್ನೊಂದಿಷ್ಟು ತಿಳಿಯಾಗಲಿ ಅಂತ ಹತ್ತು, ಹನ್ನೆರಡು ಸೆಕೆಂಡು ಕೈ ಚಾಚಿ ನಿಲ್ಲುತ್ತೇವೆ. ಅಷ್ಟರಲ್ಲಿ ಕೈ ನಡುಗುತ್ತದೆ, ಉಸಿರು ಸಾಲದಾಗುತ್ತದೆ, ಕಣ್ಣು ದಿಟ್ಟಿಸಿ ದಿಟ್ಟಿಸಿ ಒಣಗುತ್ತದೆ. ದಿಟ್ಟಿಸಿದ ಚಿತ್ರ ಕಣ್ಣಲ್ಲೇ ಅಚ್ಚೊತ್ತಿ, ಸೈಟು ಸರಿದರೂ ಸರಿದಂತೆ ಕಾಣುವುದಿಲ್ಲ. ಪಿಸ್ತೂಲು ಎತ್ತುವ ಮುಂಚೆ ಎರಡು ಸಲ ಚೆನ್ನಾಗಿ ಕಣ್ಣು ಮಿಟುಕಿಸಿ. ಗುರಿಗೆ ಬಂದ ಮೇಲೆ ಆರರಿಂದ ಎಂಟು ಸೆಕೆಂಡು. ಅಷ್ಟರಲ್ಲಿ ಗುಂಡು ಹೋಗದಿದ್ದರೆ ಕೈ ಇಳಿಸಿ. ಇಳಿಸಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಗುಂಡಿನಿಂದ ಗುಂಡಿಗೆ ನಡುವೆ ನೆಲ ನೋಡಿ, ಬಣ್ಣ ಇಲ್ಲದ ಗೋಡೆ ನೋಡಿ. ಮೊಬೈಲ್ ನೋಡಬೇಡಿ. ಫೋನು 35-40 ಸೆಂಮೀ ದೂರಕ್ಕೆ ಕಣ್ಣನ್ನು ಎಳೆದುಬಿಟ್ಟರೆ ಮತ್ತೆ ವಾಪಸ್ ಬರಲು ನಮ್ಮ ವಯಸ್ಸಿನಲ್ಲಿ ಸಮಯ ಹಿಡಿಯುತ್ತದೆ. ಎಸಿ ಗಾಳಿ ನೇರ ಮುಖಕ್ಕೆ ಬರುವ ಲೇನಿನಲ್ಲಿ ನಿಲ್ಲಬೇಡಿ.

ಮನೆಯಲ್ಲಿ ದಿನಾ 15 ನಿಮಿಷ ಖಾಲಿ ಬಿಳಿ ಗೋಡೆಗೆ ಡ್ರೈ ಫೈರ್ ಮಾಡಿ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ. ಪೆಲೆಟ್ ಡಬ್ಬಿ ಇನ್ನೊಂದು ಕೋಣೆಯಲ್ಲಿರಲಿ, ಆ ಗೋಡೆಯ ಆಚೆ ಯಾರೂ ಇರಬಾರದು. ಗೋಡೆಯಲ್ಲಿ ಬುಲ್ ಇಲ್ಲದ್ದರಿಂದ ಕಣ್ಣು ಫ್ರಂಟ್ ಸೈಟಿನಲ್ಲೇ ನಿಲ್ಲುವುದನ್ನು ಕಲಿಯುತ್ತದೆ.

ಹೆಜ್ಜೆ 9: ಹಾಳೆಯೇ ಹೇಳಲಿ

ಎರಡು ಲೆನ್ಸುಗಳ ನಡುವೆ ಗೊಂದಲ ಇದ್ದರೆ ಒಂದೊಂದರಲ್ಲಿ ಹತ್ತು ಗುಂಡಿನ ನಾಲ್ಕು ಹಾಳೆ ಹೊಡೆಯಿರಿ, ಒಂದಾದ ಮೇಲೆ ಒಂದು ಬದಲಾಯಿಸುತ್ತಾ. ಅಂಕ ನೋಡಬೇಡಿ, ಗುಂಪಿನ ಆಕಾರ ನೋಡಿ. ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ಫ್ರಂಟ್ ಸೈಟಿನ ತಲೆ ಸರಿಯಾಗಿ ಕಾಣುತ್ತಿಲ್ಲದಿರಬಹುದು. ಅಡ್ಡಕ್ಕೆ ಹರಡಿದ್ದರೆ ಪಕ್ಕದ ಸಂದು ಸಾಲದಿರಬಹುದು. ಟ್ರಿಗರ್ ತಪ್ಪೂ ಇದೇ ಥರ ಕಾಣುತ್ತದೆ, ಆದ್ದರಿಂದ ಒಂದು ದಿನದ ಹಾಳೆ ನಂಬಬೇಡಿ. ಮೂರು ದಿನದ್ದು ಇಟ್ಟು ನೋಡಿ.

ಪೊರೆ ಬಂದವರಿಗೆ

ಲೈಟಿನ ಸುತ್ತ ಬಳೆ ಕಾಣುವುದು, ಒಂದೇ ಕಣ್ಣಲ್ಲಿ ಸೈಟು ಎರಡಾಗಿ ಕಾಣುವುದು, ಲೆನ್ಸು ಬದಲಾಯಿಸಿದರೂ ಮಂಜು ಹೋಗದಿರುವುದು ಪೊರೆಯ ಲಕ್ಷಣ ಇರಬಹುದು. ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ ನೀವು ಪಿಸ್ತೂಲ್ ಶೂಟರ್ ಅಂತ ಹೇಳಿ, ಯಾವ ಕಣ್ಣಲ್ಲಿ ಗುರಿ ಇಡುತ್ತೀರಿ ಅಂತ ಹೇಳಿ, ದಾರದ ಅಳತೆ ಕೊಡಿ. ಮಲ್ಟಿಫೋಕಲ್ ಲೆನ್ಸು ಕೂರಿಸಿದರೆ ಮನೆಗೆಲಸಕ್ಕೆ ಕನ್ನಡಕದ ಕಾಟ ತಪ್ಪಬಹುದು, ಆದರೆ ಅದು ಬೆಳಕನ್ನು ಹಂಚುವುದರಿಂದ ಕಪ್ಪು-ಬಿಳುಪಿನ ವ್ಯತ್ಯಾಸ ಸ್ವಲ್ಪ ಕಮ್ಮಿ ಆಗುತ್ತದೆ. ನಮಗೆ ಆ ವ್ಯತ್ಯಾಸವೇ ಜೀವ. ಒಂದೇ ದೂರದ ಲೆನ್ಸು ಆರಿಸಿ, ಗುರಿಯ ಕಣ್ಣನ್ನು -0.50ರ ಹತ್ತಿರ ಬಿಡಬಹುದಾ ಅಂತ ಕೇಳಿ. ಹಾಗೆ ಬಿಟ್ಟರೆ ಕಣ್ಣು ತಾನಾಗಿ 2 ಮೀಟರಿಗೆ ನಿಲ್ಲುತ್ತದೆ. ತೀರ್ಮಾನ ಡಾಕ್ಟರದ್ದು, ಎಲ್ಲರ ಕಣ್ಣಿಗೂ ಇದು ಹೊಂದುವುದಿಲ್ಲ. ಆಪರೇಷನ್ ಆದ ಮೇಲೆ ನಂಬರ್ ಸ್ಥಿರ ಆಗುವವರೆಗೆ ಹೊಸ ಶೂಟಿಂಗ್ ಲೆನ್ಸು ಮಾಡಿಸಬೇಡಿ.

ಲೆನ್ಸಿನ ನಂಬರು, ಮಾಡಿಸಿದ ತಾರೀಕು, ಐರಿಸ್ ಎಷ್ಟು ತೆರೆದಿತ್ತು, ರಿಯರ್ ಸೈಟು ಎಷ್ಟು ಕ್ಲಿಕ್ ಇತ್ತು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ, ಕಾಲು ಡಯಾಪ್ಟರ್ ಬದಲಾದರೂ ಹೊಸ ಲೆನ್ಸು ಹಾಕಿಸಿ. ಹಳೆಯದನ್ನು ಎಸೆಯಬೇಡಿ. ಸಣ್ಣ ಕವರಿಗೆ ಹಾಕಿ, ಮೇಲೆ ನಂಬರ್ ಬರೆದು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ. ಪಂದ್ಯದ ದಿನ ಲೆನ್ಸು ಕೈಜಾರಿ ಬಿದ್ದರೆ ಅದೇ ಕೆಲಸಕ್ಕೆ ಬರುತ್ತದೆ.